ಕುಣಿತ ಮೊದಲು, ವೇಗ ಆಮೇಲೆ

ಮೊಬೈಲಿನಲ್ಲಿ ‘ಐರಿಶ್ ಫಿಡ್ಲ್’ ಅಂತ ಹುಡುಕಿದರೆ ಮೊದಲು ಕಾಣುವುದೇ ವೇಗ. ಕಮಾನು ಯಾವ ತಂತಿಯ ಮೇಲಿದೆ ಎಂದು ಗುರುತಿಸುವಷ್ಟರಲ್ಲಿ ಅದು ಮುಂದಿನ ತಂತಿಗೆ ಹೋಗಿರುತ್ತದೆ. ಕಲಿಯೋಣ ಅಂದುಕೊಂಡವರು ಎರಡು ವಿಡಿಯೋ ನೋಡಿ, ಇದು ನಮ್ಮ ಕೈಲಾಗುವ ಕೆಲಸ ಅಲ್ಲ ಎಂದು ಫೋನ್ ಕೆಳಗಿಡುತ್ತಾರೆ. ಆ ವೇಗ ಎಲ್ಲಿಂದ ಬಂತು ಎನ್ನುವುದನ್ನು ಯಾರೂ ತೋರಿಸುವುದಿಲ್ಲ. ತೋರಿಸುವವರೂ ಹಲವು ಸಲ ಅರ್ಧ ಹೇಳುತ್ತಾರೆ. ನಮ್ಮ ತಕರಾರು ಇರುವುದು ಅಲ್ಲಿ.

ಅಷ್ಟು ದೂರದ ಸಂಗೀತ ನಮಗೇಕೆ ಅನ್ನಬೇಡಿ. ಫಿಡ್ಲ್ ಅಂದರೆ ನಮ್ಮ ಪಿಟೀಲೇ, ಹಿಡಿಯುವ ರೀತಿ ಬೇರೆ. ಕಂಪನಿ ಸರ್ಕಾರದ ಕಾಲದಲ್ಲಿ ಬ್ಯಾಂಡಿನವರು ನುಡಿಸುತ್ತಿದ್ದ ಮಟ್ಟುಗಳಿಗೆ ಮುತ್ತುಸ್ವಾಮಿ ದೀಕ್ಷಿತರು ಸಂಸ್ಕೃತ ಸಾಹಿತ್ಯ ಹೊಂದಿಸಿದರು, ಅವೇ ನೋಟುಸ್ವರಗಳು. ಅವುಗಳಲ್ಲಿ ‘ವಂದೇ ಮೀನಾಕ್ಷಿ’ಯ ಮಟ್ಟು ‘ರೇಕ್ಸ್ ಆಫ್ ಮ್ಯಾಲೋ’ ಎಂಬ ಐರಿಶ್ ಕುಣಿತದ ಮಟ್ಟು. ಮ್ಯಾಲೋ ಎಂಬುದು ಐರ್ಲೆಂಡಿನ ಕಾರ್ಕ್ ಜಿಲ್ಲೆಯ ಒಂದು ಊರು.

ಈಗ ಲೆಕ್ಕಕ್ಕೆ ಬರೋಣ. ಆ ನಾಡಿನಲ್ಲಿ ಹೆಚ್ಚು ನುಡಿಸುವ ಬಗೆ ರೀಲ್. ಸಾಮಾನ್ಯವಾಗಿ ಅದಕ್ಕೆ ಎರಡು ಭಾಗ, ಒಂದೊಂದು ಭಾಗಕ್ಕೆ 8 ಆವರ್ತ, ಒಂದೊಂದನ್ನೂ ಎರಡು ಸಲ ನುಡಿಸಿದರೆ ಒಟ್ಟು 32. ಆವರ್ತಕ್ಕೆ ಕಾಲಿನ ತಟ್ಟು ಎರಡು, ತಟ್ಟಿಗೆ ಸ್ವರ ನಾಲ್ಕು. ನಿಮಿಷಕ್ಕೆ 110 ತಟ್ಟಿನ ವೇಗದಲ್ಲಿ ನುಡಿಸಿದರೆ 440 ಸ್ವರ, ಅಂದರೆ ಸೆಕೆಂಡಿಗೆ ಏಳಕ್ಕಿಂತ ಹೆಚ್ಚು. ಇಡೀ ಮಟ್ಟು 35 ಸೆಕೆಂಡಿನಲ್ಲಿ ಮುಗಿದು ಹೋಗುತ್ತದೆ. ಹೊಸಬರ ಕೈ ಇದಕ್ಕೆ ಏಕ್‌ದಂ ಬಗ್ಗುವುದಿಲ್ಲ, ಬಗ್ಗಬೇಕಾಗಿಯೂ ಇಲ್ಲ.

ಎಲ್ಲರೂ ಹೇಳುವ ಉಪಾಯ ಮೆಟ್ರೊನೋಮ್, ಟಕ್ ಟಕ್ ಎಂದು ಲಯ ಹಾಕುವ ಯಂತ್ರ. ಈಗ ಫೋನಿನಲ್ಲೇ ಪುಕ್ಕಟೆ ಸಿಗುತ್ತದೆ. 60ಕ್ಕೆ ಇಟ್ಟು ತಪ್ಪಿಲ್ಲದೆ ಮೂರು ಸಲ ನುಡಿಸಿ, 64ಕ್ಕೆ ಏರಿಸಿ, ಆಮೇಲೆ 68. ಎಡವಿದರೆ ಒಂದು ಮೆಟ್ಟಿಲು ಇಳಿಯಿರಿ. ಈ ಉಪಾಯ ಒಳ್ಳೆಯದೇ. ಆದರೆ ಇದನ್ನೇ ಅಭ್ಯಾಸ ಎಂದುಕೊಂಡವರ ನುಡಿಸಾಣಿಕೆ 110 ಮುಟ್ಟಿದಾಗ ಹೊಲಿಗೆ ಯಂತ್ರದ ಹಾಗೆ ಕೇಳುತ್ತದೆ. ಸ್ವರ ಎಲ್ಲ ಸರಿ ಇರುತ್ತದೆ, ಕುಣಿಯಬೇಕು ಅನ್ನಿಸುವುದಿಲ್ಲ.

ಕಾರಣ ಇದೆ. ಈ ಮಟ್ಟುಗಳಲ್ಲಿ ಸ್ವರಗಳು ಸಮಸಮ ಇರುವುದಿಲ್ಲ. ಜೋಡಿಯಲ್ಲಿ ಮೊದಲನೆಯದು ಕೂದಲೆಳೆಯಷ್ಟು ಉದ್ದ, ಎರಡನೆಯದು ಅಷ್ಟೇ ಗಿಡ್ಡ. ಒತ್ತು ಎಲ್ಲಿ ಬೀಳಬೇಕು ಎನ್ನುವುದನ್ನು ಕಮಾನು ತಿರುಗುವ ಜಾಗ ಹೇಳುತ್ತದೆ. ನಿಧಾನ ಮಾಡಿದ ಕೂಡಲೇ ಹೊಸಬರು ಈ ಏರಿಳಿತ ಬಿಟ್ಟು ಸ್ವರಗಳನ್ನು ಮಣಿ ಪೋಣಿಸಿದ ಹಾಗೆ ಜೋಡಿಸುತ್ತಾರೆ. ಆಮೇಲೆ ಅದೇ ಸಪ್ಪೆಯನ್ನು ಮೆಟ್ಟಿಲು ಮೆಟ್ಟಿಲಾಗಿ ಮೇಲೆ ಹೊತ್ತೊಯ್ಯುತ್ತಾರೆ. 60ರಲ್ಲಿ ಕುಣಿಯದ ಮಟ್ಟು 110ರಲ್ಲೂ ಕುಣಿಯುವುದಿಲ್ಲ ಎನ್ನುವುದು ನಮ್ಮ ವಾದ. ಅದಕ್ಕೆ ಪಿಟೀಲು ಎತ್ತುವ ಮೊದಲು ಬಾಯಲ್ಲಿ ಹಾಡಬೇಕು. ಅರ್ಥವಿಲ್ಲದ ಅಕ್ಷರಗಳಲ್ಲಿ ಮಟ್ಟು ಗುನುಗುವುದಕ್ಕೆ ಅಲ್ಲಿಯವರು ಲಿಲ್ಟಿಂಗ್ ಅನ್ನುತ್ತಾರೆ. ಕಾಲು ತಟ್ಟುತ್ತ ಬಾಯಿಗೆ ಬಂದರೆ ಕೈಗೂ ಬರುತ್ತದೆ.

ಇನ್ನೊಂದು ತಪ್ಪು ಕಮಾನಿನದು. ನಿಧಾನ ನುಡಿಸುವಾಗ ಟೈಮ್ ಇದೆ ಎಂದು ಇಡೀ ಕಮಾನು ಎಳೆಯುತ್ತೇವೆ. ಸೆಕೆಂಡಿಗೆ ಏಳು ಸ್ವರ ಇರುವಾಗ ಅಷ್ಟು ಎಳೆಯಲು ಆಗುತ್ತದೆಯೇ? ಆಗ ಕೈ ಬೇರೆಯೇ ಚಲನೆ ಕಲಿಯಬೇಕು, ನಿಧಾನದಲ್ಲಿ ಕಲಿತದ್ದು ವ್ಯರ್ಥ. 60ರಲ್ಲೇ ನಾಲ್ಕೈದು ಬೆರಳಗಲದ ಕಮಾನಿನಲ್ಲಿ ನುಡಿಸಿದರೆ ಮುಂದೆ ಬದಲಿಸುವುದೇನೂ ಇರುವುದಿಲ್ಲ. ರೋಲ್ ಎಂಬ ಐದು ಸ್ವರದ ಗಮಕವನ್ನು ಮೊದಲ ವಾರ ಬಿಟ್ಟೇ ಬಿಡಿ, ಆ ಜಾಗದಲ್ಲಿ ಉದ್ದ ಸ್ವರ ಹಿಡಿದರೆ ಸಾಕು. ಎಡವುವ ಕಡೆ ನೋಡಿದರೆ ಸಾಮಾನ್ಯವಾಗಿ ತಂತಿ ದಾಟುವ ಒಂದೋ ಎರಡೋ ಆವರ್ತ. ಅದಷ್ಟನ್ನೇ ತಿರುಗಿಸಿ ತಿರುಗಿಸಿ ನುಡಿಸಬೇಕು, ಇಡೀ ಮಟ್ಟನ್ನು ಮೊದಲಿಂದ ಎಳೆದು ತರುವ ಅಗತ್ಯ ಇಲ್ಲ.

ನಮ್ಮಲ್ಲಿ ಸರಳೆ ವರಸೆ ಕಲಿತವರಿಗೆ ಇದು ಹೊಸದಲ್ಲ, ಆದರೆ ಒಂದು ವ್ಯತ್ಯಾಸ ಇದೆ. ಮೂರು ಕಾಲದಲ್ಲಿ ನಾವು ತಾಳವನ್ನು ಅಲ್ಲೇ ನಿಲ್ಲಿಸಿ ಸ್ವರವನ್ನು ಎರಡರಷ್ಟು, ನಾಲ್ಕರಷ್ಟು ಮಾಡುತ್ತೇವೆ. ಅವರು ತಾಳವನ್ನೇ ಸ್ವಲ್ಪ ಸ್ವಲ್ಪ ಮುಂದೆ ತಳ್ಳುತ್ತಾರೆ. ಒಂದೇ ನೆಗೆತಕ್ಕೆ ಹೆದರುವವರಿಗೆ ಅವರ ದಾರಿ ಸುಲಭ ಅನ್ನಿಸಬಹುದು.

ಹಾಗಾದರೆ ಈ ವೇಗದ ಹುಚ್ಚು ಎಲ್ಲಿಂದ ಬಂತು? ಮೊದಲು ಕುಣಿಯುವವರ ಕಾಲೇ ವೇಗ ನಿರ್ಧರಿಸುತ್ತಿತ್ತು. ಸ್ಲೈಗೋ ಜಿಲ್ಲೆಯ ಮೈಕೆಲ್ ಕೋಲ್ಮನ್ (1891–1945) 1914ರಲ್ಲಿ ಅಮೆರಿಕಕ್ಕೆ ಹೋಗಿ, 1920ರ ದಶಕದಲ್ಲಿ ನ್ಯೂಯಾರ್ಕಿನಲ್ಲಿ ಗ್ರಾಮಫೋನ್ ತಟ್ಟೆಗಳಿಗೆ ನುಡಿಸಿದರು. ತಟ್ಟೆಯ ಒಂದು ಮಗ್ಗುಲಿಗೆ ಮೂರು ನಿಮಿಷ ಚಿಲ್ಲರೆ. ಆ ತಟ್ಟೆಗಳು ಐರ್ಲೆಂಡಿಗೆ ವಾಪಸು ಬಂದಾಗ ಜನ ಮರುಳಾದರು, ಊರೂರಿನ ಶೈಲಿ ಬಿಟ್ಟು ಕೋಲ್ಮನ್ ಹಾಗೆ ನುಡಿಸಲು ಹೊರಟರು. ಕೋಲ್ಮನ್ ಅದ್ಭುತ ವಾದಕ, ಅದರಲ್ಲಿ ಅನುಮಾನ ಇಲ್ಲ. ಆದರೆ ತಟ್ಟೆಯ ಮುಂದೆ ಕುಣಿಯುವವರು ಇರಲಿಲ್ಲ. ಇವತ್ತಿನ ಮೂವತ್ತು ಸೆಕೆಂಡಿನ ವಿಡಿಯೋ ಮುಂದೆಯೂ ಇಲ್ಲ.

ಅದೇ ಕಾಲದಲ್ಲಿ ಕಾರ್ಕ್ ಮತ್ತು ಕೆರಿ ಜಿಲ್ಲೆಗಳ ಗಡಿಯ ಸ್ಲೀವ್ ಲೂಕ್ರ ಸೀಮೆಯಲ್ಲಿ ಪಾಡ್ರಿಗ್ ಓ’ಕೀಫ್ (1887–1963) ಎಂಬ ಮೇಷ್ಟ್ರಿದ್ದರು. ಶಾಲೆಯ ಕೆಲಸ ಹೋದ ಮೇಲೆ ಮನೆಮನೆಗೆ ನಡೆದುಕೊಂಡು ಹೋಗಿ ಪಿಟೀಲು ಕಲಿಸಿದರು. ಹಳ್ಳಿಯವರಿಗೆ ಪಾಶ್ಚಾತ್ಯ ಸ್ವರಲಿಪಿ ಬರುತ್ತಿರಲಿಲ್ಲವಲ್ಲ, ತಾವೇ ಒಂದು ಬರಹ ಮಾಡಿಕೊಂಡರು. ನಾಲ್ಕು ತಂತಿಗೆ ನಾಲ್ಕು ಸಾಲು, ಯಾವ ಬೆರಳು ಎನ್ನುವುದಕ್ಕೆ ಅಂಕಿ. ಕಾಗದ ಮನೆಯಲ್ಲೇ ಉಳಿಯುತ್ತಿತ್ತು, ಕಲಿಯುವವರು ತಮ್ಮ ವೇಗದಲ್ಲಿ ಕೂತು ತಿದ್ದಬಹುದಿತ್ತು. ಡೆನಿಸ್ ಮರ್ಫಿ ಮತ್ತು ಅವರ ತಂಗಿ ಜೂಲಿಯಾ ಕ್ಲಿಫರ್ಡ್ ಹೀಗೆ ಕಲಿತವರೇ. ಈಗ ಆ ಕಾಗದದ ಕೆಲಸವನ್ನು ಯೂಟ್ಯೂಬಿನ 0.75 ಮಾಡುತ್ತದೆ. ಹಳೆಯ ಗ್ರಾಮಫೋನನ್ನು ನಿಧಾನ ಮಾಡಿದರೆ ಶ್ರುತಿಯೂ ಇಳಿದು ಹೋಗುತ್ತಿತ್ತು, ಫೋನಿನಲ್ಲಿ ಶ್ರುತಿ ಹಾಗೇ ನಿಲ್ಲುತ್ತದೆ. ಆ ಒಂದು ಬಟನ್ ಒತ್ತಿ, ಫೋನ್ ಪಕ್ಕದಲ್ಲಿಟ್ಟುಕೊಂಡು ಜೊತೆಗೆ ನುಡಿಸಬಹುದು. 0.5ಕ್ಕೆ ಇಳಿಸಿದರೆ ಮಾತ್ರ ಧ್ವನಿ ಕಲಸಿ ಹೋಗುತ್ತದೆ, ಬೆರಳು ನೋಡಲಷ್ಟೇ ಆದೀತು.

ನಿಧಾನ ಅಂದರೆ ಕಲಿಯುವವರದ್ದು ಎನ್ನುವ ತಾತ್ಸಾರ ಅಲ್ಲೂ ಇದೆ, ಇಲ್ಲೂ ಇದೆ. ಅಂಥವರು ಕ್ಲೇರ್ ಜಿಲ್ಲೆಯ ಮಾರ್ಟಿನ್ ಹೇಯ್ಸ್ ಅವರನ್ನು ಕೇಳಬೇಕು. ಅಖಿಲ ಐರ್ಲೆಂಡ್ ಫಿಡ್ಲ್ ಸ್ಪರ್ಧೆಗಳನ್ನು ಆರು ಸಲ ಗೆದ್ದವರು, ವೇಗ ಬಾರದೆ ನಿಧಾನ ಹಿಡಿದವರಲ್ಲ. ಗಿಟಾರಿನ ಡೆನಿಸ್ ಕಾಹಿಲ್ ಜೊತೆ ಅವರು ಸಿಯಾಟಲ್‌ನಲ್ಲಿ ಕೊಟ್ಟ ಕಛೇರಿಯ ಧ್ವನಿಮುದ್ರಿಕೆ 1999ರಲ್ಲಿ ಬಂತು. ಅದರಲ್ಲಿ ಅರ್ಧ ಗಂಟೆಗೆ ಹತ್ತಿರದ ಒಂದೇ ಸರಣಿ ಇದೆ. ಒಬ್ಬರೇ ಕೂತು ಯೋಚಿಸುವ ಹಾಗೆ ಶುರುವಾಗಿ, ಮಟ್ಟಿನಿಂದ ಮಟ್ಟಿಗೆ ಸರಿಯುತ್ತ, ಕೊನೆಗೆ ರೀಲುಗಳಿಗೆ ಬಂದು ಮುಟ್ಟುತ್ತದೆ. ರಾತ್ರಿ ಡೇಟಾ ಉಳಿದಿದ್ದರೆ ಇಯರ್‌ಫೋನ್ ಹಾಕಿಕೊಂಡು ಕೇಳಿ. ವೇಗ ಯಾವ ನಿಮಿಷದಲ್ಲಿ ಏರಿತು ಅಂತ ಹೇಳಲು ನಮಗಂತೂ ಆಗಲಿಲ್ಲ.