ಬ್ಲೀಚಿಂಗ್ ಪುಡಿ ಚೆಲ್ಲಿದರೆ ಮುಗಿಯಿತೇ?

2019ರ ಆಗಸ್ಟ್‌ನಲ್ಲಿ ಕೃಷ್ಣೆ, ಘಟಪ್ರಭೆ, ಮಲಪ್ರಭೆ ಮೂರೂ ಉಕ್ಕಿ ಬಂದವು. ನೆರೆ ಇಳಿದ ಮೇಲೆ ಬೆಳಗಾವಿ, ಬಾಗಲಕೋಟೆಯ ಹೊಳೆಸಾಲಿನ ಹಳ್ಳಿಗಳಲ್ಲಿ ಮಾತೆಲ್ಲ ಮನೆಯದೇ. ಪೂರ್ತಿ ಬಿದ್ದ ಮನೆಗೆ 5 ಲಕ್ಷ ರೂಪಾಯಿ ಎಂದಿತು ಸರ್ಕಾರ. ಹಾನಿಯ ವರ್ಗದಲ್ಲಿ ಯಾರ ಮನೆ ‘ಎ’, ಯಾರದು ‘ಬಿ’, ಯಾರದು ‘ಸಿ’ ಎಂಬ ತಕರಾರು ಬಹುಕಾಲ ಎಳೆಯಿತು. ತಕರಾರು ನ್ಯಾಯದ್ದೇ. ಆದರೆ ಹೊಳೆನೀರು ಹೊಕ್ಕ ಬೋರು, ಟಾಕಿ, ಸಂಡಾಸುಗಳಿಗೆ ಯಾವ ವರ್ಗ?

ಕೇಳಿದರೆ ಉತ್ತರ ಸಿದ್ಧವಿರುತ್ತದೆ: ‘ಬ್ಲೀಚಿಂಗ್ ಪೌಡರ್ ಹಾಕಿಸಿದ್ದೇವೆ.’ ಎಲ್ಲಿ? ಗಟಾರದ ಅಂಚಿಗೆ, ರಂಗೋಲಿ ಎಳೆದ ಹಾಗೆ. ಫೋಟೋಗೆ ಚೆನ್ನಾಗಿ ಕಾಣುತ್ತದೆ. ಒಳ್ಳೆಯ ಪುಡಿಯಲ್ಲಿ ಮೂರನೇ ಒಂದು ಪಾಲು ಕ್ಲೋರಿನ್ ಇರಬೇಕು; ಬಾಯಿ ತೆರೆದ ಚೀಲದಲ್ಲಿ ತೇವ ಕುಡಿದು ಕೂತ ಪುಡಿಯಲ್ಲಿ ವಾಸನೆ ಉಳಿದರೂ ಸತ್ವ ಉಳಿಯುವುದಿಲ್ಲ. ಟಾಕಿಯ ಕೆಸರು ಬಳಿದು ತೊಳೆಯದೆ ಸುರಿದರೆ ಕ್ಲೋರಿನ್ ಕೆಸರಿಗೇ ಖರ್ಚಾಗಿಬಿಡುತ್ತದೆ. ಹಾಕಿ ಅರ್ಧ ಗಂಟೆ ಬಿಟ್ಟು, ಊರ ಕೊನೆಯ ನಲ್ಲಿಯಲ್ಲಿ ಲೀಟರಿಗೆ ಕನಿಷ್ಠ 0.2 ಮಿಲಿಗ್ರಾಂ ಉಳಿದಿದೆಯೇ ಎಂದು ನೋಡಬೇಕು. ಬಣ್ಣ ನೋಡಿ ಹೇಳುವಷ್ಟು ಸುಲಭದ ಪರೀಕ್ಷೆ ಅದು. ಪ್ರತಿ ಹಳ್ಳಿಯಲ್ಲಿ ಐವರು ಮಹಿಳೆಯರಿಗೆ ನೀರು ಪರೀಕ್ಷೆ ಕಲಿಸಬೇಕೆಂದು ಜಲಜೀವನ್ ಮಿಷನ್ನೇ ಹೇಳುತ್ತದೆ. ನೆರೆ ಬಂದಾಗ ಅವರ ಕೈಗೆ ಕಿಟ್ ಕೊಡಿ. ಸಂತ್ರಸ್ತರ ಕಾಳಜಿ ಕೇಂದ್ರದಲ್ಲಿ ರೊಟ್ಟಿ ತಟ್ಟಲು ಬೇರೆಯವರು ಸಿಗುತ್ತಾರೆ, ಗಂಡಸರೂ ಇದ್ದಾರೆ.

ಗ್ರಾಮೀಣ ಕರ್ನಾಟಕ ಬಯಲು ಶೌಚಮುಕ್ತವೆಂದು 2018ರಲ್ಲೇ ಸಾರಿದ್ದಾಯಿತು. ಹೊಳೆ ಆ ಸುತ್ತೋಲೆ ಓದಿರಲಿಲ್ಲ. ಸಂಡಾಸಿನ ಗುಂಡಿ ತುಂಬಿ ಉಕ್ಕಿದರೆ ಅದರಲ್ಲಿದ್ದದ್ದು ಪಕ್ಕದ ಬೋರಿನ ಕೇಸಿಂಗ್ ಸಂದಿಯಿಂದ ಇಳಿದು ಕೊಡಕ್ಕೆ ಬರುತ್ತದೆ. ಸಂಡಾಸು ಕುಸಿದವರಿಗೆ ಹೊಸದಕ್ಕೆ ಹಣವಿಲ್ಲ: ಪ್ರೋತ್ಸಾಹಧನ ಕುಟುಂಬಕ್ಕೆ ಒಂದೇ ಸಲ, ಕಡತದಲ್ಲಿ ಅವರ ಶೌಚಾಲಯ ಇನ್ನೂ ನಿಂತೇ ಇದೆ. ಹೆಣ್ಣುಮಕ್ಕಳು ಮತ್ತೆ ಚಂಬು ಹಿಡಿದು ಕತ್ತಲಿಗೆ ಕಾಯಬೇಕು.

ಊರನ್ನೇ ಎತ್ತಂಗಡಿ ಮಾಡಿ ಎನ್ನುವವರಿದ್ದಾರೆ. 2009ರ ನೆರೆಯ ನಂತರ ಕಟ್ಟಿದ ‘ಆಸರೆ’ ಯೋಜನೆಯ ಮನೆಗಳಲ್ಲಿ ಎಷ್ಟೋ ಖಾಲಿ ಬಿದ್ದವು. ನೀರು, ಗಟಾರ ಸರಿಯಿಲ್ಲದ ಕಡೆ ಯಾರು ಹೋಗಿ ಇದ್ದಾರು?

ಹಾನಿ ಸಮೀಕ್ಷೆಯ ನಮೂನೆಯಲ್ಲಿ ಬೋರು, ಟಾಕಿ, ಗುಂಡಿಗೂ ಒಂದೊಂದು ಕಲಂ ಇರಲಿ. ಪರೀಕ್ಷೆಯ ಫಲಿತಾಂಶ ತಾರೀಖು ಸಮೇತ ಪಂಚಾಯ್ತಿ ಗೋಡೆಗೆ ಅಂಟಲಿ. ನೀರು ಪಾಸಾಗುವವರೆಗೆ ಟ್ಯಾಂಕರ್ ನಿಲ್ಲಬಾರದು. ಟ್ಯಾಂಕರ್ ನೀರಿಗೂ ಅದೇ ಪರೀಕ್ಷೆ ನಡೆಯಲಿ. ಅದು ಯಾವ ಬಾವಿಯಲ್ಲಿ ತುಂಬಿಕೊಂಡು ಬಂತೆಂದು ಈಗ ಕೇಳುವವರೇ ಇಲ್ಲ.