ತೊಗರಿಬೇಳೆಗೆ ಐದು ಶಾಸ್ತ್ರ



ನಮ್ಮ ಹೈದರಾಬಾದಿನ ಮನೆಗಳಲ್ಲಿ ಮಕ್ಕಳ ಭವಿಷ್ಯವನ್ನು ಮೂರೇ ಅಕ್ಷರಗಳಲ್ಲಿ ಹೇಳಿ ಮುಗಿಸುವ ಪದ್ಧತಿ ಇದೆ. ಹತ್ತನೆಯ ತರಗತಿಯ ಫಲಿತಾಂಶ ಬಂತೋ ಇಲ್ಲವೋ, "ಎಂ.ಪಿ.ಸಿ.ಯೋ, ಬೈ.ಪಿ.ಸಿ.ಯೋ?" ಎಂಬ ಪ್ರಶ್ನೆ. ಎರಡೂ ಅಲ್ಲ, ಸಿ.ಇ.ಸಿ. ಎಂದರೆ "ಹೋಗಲಿ ಬಿಡಿ, ಬ್ಯಾಂಕಿಗಾದರೂ ಸೇರಬಹುದು" ಎಂಬ ಸಮಾಧಾನ. ಇನ್ನು ಎಚ್.ಇ.ಸಿ., ಅಂದರೆ ಇತಿಹಾಸ, ಅರ್ಥಶಾಸ್ತ್ರ, ಪೌರನೀತಿ ತೆಗೆದುಕೊಂಡ ಮಗುವಿನ ತಾಯಿ, ಮದುವೆಮನೆಯಲ್ಲಿ ಆ ಮಾತು ಬಂದ ಕೂಡಲೇ ಪಾಯಸ ಬಡಿಸುವ ನೆವ ಮಾಡಿ ಎದ್ದು ಹೋಗಿಬಿಡುತ್ತಾಳೆ!

ಈ ತಿಂಗಳು ನಾನು ಬರೆಯಹೊರಟಿರುವುದು ಸಮಾಜ ವಿಜ್ಞಾನಗಳ ಐದು ವರ್ಷದ ಎಂ.ಎ. ಬಗ್ಗೆ. ಹಪ್ಪಳ ಸಂಡಿಗೆಯ ಕಾಲದಲ್ಲಿ ಇದೆಲ್ಲಿಯ ವಿಶ್ವವಿದ್ಯಾಲಯದ ಸುದ್ದಿ ಎಂದು ಮೂಗು ಮುರಿಯಬೇಡಿ. ಬೇಳೆಯ ಮಾತು ಮುಂದೆ ಬಂದೇ ಬರುತ್ತದೆ.

ಗಚ್ಚಿಬೌಲಿಯ ಕಂಪನಿಗಳಿಗೆ ಹೋಗುವ ನಮ್ಮ ಮಕ್ಕಳು ಹೈದರಾಬಾದ್ ಕೇಂದ್ರೀಯ ವಿಶ್ವವಿದ್ಯಾಲಯದ ಹೆಸರನ್ನು ಬಸ್ ನಿಲ್ದಾಣವೆಂದೇ ತಿಳಿದಿರುವ ಹಾಗಿದೆ. 1974ರಲ್ಲಿ ಸಂಸತ್ತಿನ ಕಾಯಿದೆಯಿಂದ ಹುಟ್ಟಿದ ಸಂಸ್ಥೆ ಇದು. ಮೊದಲು ನಡೆದದ್ದು ಅಬಿಡ್ಸ್‌ನಲ್ಲಿರುವ ಸರೋಜಿನಿ ನಾಯ್ಡು ಅವರ ಮನೆಯಲ್ಲಿ. ಇಂಟರ್ ಮುಗಿಸಿದ ಮಕ್ಕಳನ್ನು ನೇರವಾಗಿ ಐದು ವರ್ಷದ ಎಂ.ಎ.ಗೆ ಸೇರಿಸಿಕೊಳ್ಳುವುದನ್ನು ಇಲ್ಲಿ ಆರಂಭಿಸಿದ್ದು 2006ರಲ್ಲಿ. ಅರ್ಥಶಾಸ್ತ್ರ, ಇತಿಹಾಸ, ರಾಜ್ಯಶಾಸ್ತ್ರ, ಸಮಾಜಶಾಸ್ತ್ರ, ಮಾನವಶಾಸ್ತ್ರ ಎಂದು ಐದು ವಿಷಯಗಳು. ಸೇರುವಾಗ ಒಂದು ವಿಷಯದ ಹೆಸರಿದ್ದರೂ ಮೊದಲ ಸೆಮಿಸ್ಟರುಗಳಲ್ಲಿ ಉಳಿದವನ್ನೂ ಓದಬೇಕು. ಆಮೇಲೆ ತನ್ನದನ್ನು ಆಳವಾಗಿ.

ನನಗೆ ಇದರ ಪರಿಚಯವಾದದ್ದು ಒಂದು ಪಂಚಾಯಿತಿಯ ಮೂಲಕ. ನಮಗೆ ಬೇಕಾದ ಕುಟುಂಬವೊಂದಿದೆ, ನಮ್ಮ ಹಾಗೆ ಕಲಬುರಗಿ ಕಡೆಯವರು. ಯಜಮಾನರದು ಉಸ್ಮಾನ್‌ಗಂಜಿನಲ್ಲಿ ಬೇಳೆಕಾಳಿನ ವ್ಯಾಪಾರ. ಮಗಳು ಎಂ.ಪಿ.ಸಿ.ಯಲ್ಲಿ ಚೆನ್ನಾಗಿಯೇ ಅಂಕ ತೆಗೆಯುವ ಹುಡುಗಿ, ಇದ್ದಕ್ಕಿದ್ದಂತೆ ಇಂಜಿನಿಯರಿಂಗ್ ಬೇಡ, ಈ ಎಂ.ಎ. ಬೇಕು ಎಂದು ಕುಳಿತಳು. ಅವಳ ತಾಯಿ ಫೋನ್ ಮಾಡಿ, "ಅಕ್ಕಾರ, ನೀವು ಬಿ.ಎ. ಮಾಡಿದವರಿದ್ದೀರಿ. ನೀವರೆ ಬಂದು ಅಕಿಗಿ ಒಂದು ಮಾತು ತಿಳಿಸಿ ಹೇಳ್ರಿ" ಎಂದರು. ಬಿ.ಎ. ಓದಿದರೆ ಏನಾಗುತ್ತದೆ ಎಂಬುದಕ್ಕೆ ಜೀವಂತ ಉದಾಹರಣೆಯಾಗಿ ನನ್ನನ್ನು ಕರೆಯುತ್ತಿದ್ದಾರೆಂದು ಅರ್ಥವಾಗಲು ಹೆಚ್ಚು ಹೊತ್ತು ಹಿಡಿಯಲಿಲ್ಲ. ಆದರೂ ಹೋದೆ. ಅವರ ಮನೆಯ ಚಹಾ ಚೆನ್ನಾಗಿರುತ್ತದೆ.

"ಐದು ವಿಷಯ ಅಂತೀರಿ. ಎಲ್ಲಾ ಒಂದೇ ಅಲ್ಲೇನ್ರಿ? ಬರೀ ಮಾತು" ಎಂದರು ಯಜಮಾನರು. ಎದುರಿಗೆ ಸ್ಯಾಂಪಲ್ ತೊಗರಿಬೇಳೆಯ ಪೊಟ್ಟಣವಿತ್ತು. ಅದನ್ನೇ ಹಿಡಿದುಕೊಂಡೆ. ಇದರ ಬೆಲೆ ಏಕೆ ಏರುತ್ತದೆ, ಏಕೆ ಇಳಿಯುತ್ತದೆ ಎಂದು ಕೇಳುವುದು ಅರ್ಥಶಾಸ್ತ್ರ. ಅಷ್ಟು ಅಂದದ್ದೇ ತಡ, ಅವರೇ ಶುರುಮಾಡಿದರು. ಮಳೆ ಹಿಂದೆ ಮುಂದೆ ಆದರೆ ಏನು, ಮ್ಯಾನ್ಮಾರ್, ಮೊಜಾಂಬಿಕ್‌ಗಳಿಂದ ಹಡಗಿನಲ್ಲಿ ತೊಗರಿ ಬಂದರೆ ಇಲ್ಲಿ ಏನು, ಸರ್ಕಾರ ಬೆಂಬಲ ಬೆಲೆ ಸಾರಿದ ಮೇಲೂ ರೈತ ಅದಕ್ಕಿಂತ ಕಡಿಮೆಗೆ ಏಕೆ ಮಾರುತ್ತಾನೆ. ಒಂದು ಗಂಟೆಯ ಉಪನ್ಯಾಸವಾಯಿತು. ಬೆಂಬಲ ಬೆಲೆಯ ಹತ್ತಿರ ಬಂದಾಗ ಅವರಿಗೆ ತಿಳಿಯದಂತೆಯೇ ರಾಜ್ಯಶಾಸ್ತ್ರಕ್ಕೆ ದಾಟಿದ್ದರು. ಕಲಬುರಗಿಯ ಸರಕಿಗೆ ಹೈದರಾಬಾದಿನ ಪೇಟೆ ಹೇಗೆ ತವರಾಯಿತು, 1956ರಲ್ಲಿ ಜಿಲ್ಲೆ ಆಗಿನ ಮೈಸೂರು ರಾಜ್ಯಕ್ಕೆ ಸೇರಿದ ಮೇಲೂ ಅಜ್ಜನ ಅಂಗಡಿ ಇಲ್ಲೇ ಏಕೆ ಉಳಿಯಿತು ಎಂಬುದು ಇತಿಹಾಸ. ಯಾವ ಮನೆಯಲ್ಲಿ ಯಾವ ಹಬ್ಬಕ್ಕೆ ಹೋಳಿಗೆ, ಯಾರ ಮನೆಯಲ್ಲಿ ದಿನವೂ ತೆಳ್ಳನೆಯ ಸಾರು ಮಾತ್ರ ಎಂದು ಕೇಳುವುದು ಮಾನವಶಾಸ್ತ್ರ.

"ಇಷ್ಟೂ ಉಸ್ಮಾನ್‌ಗಂಜಿನಾಗೇ ಕಲೀಲಿಕ್ಕ ಬರ್ತದ, ಅದಕ್ಕ ಐದು ವರ್ಷ ಯಾಕ?" ಎಂದರು ಅವರು ನಗುತ್ತ. ಒಳ್ಳೆಯ ಪ್ರಶ್ನೆಯೇ. ಅದಕ್ಕೆ ನಾನು ಬಾಯಿ ತೆರೆಯುವ ಮೊದಲೇ ಮಗಳು, "ಅಪ್ಪಾ, ತೊಗರಿ ಕೊಯ್ಯೋ ಹೆಣ್ಣಾಳಿಗಿ ದಿನಕ್ಕ ಎಷ್ಟು ಕೂಲಿ?" ಎಂದಳು. ಅವರಿಗೆ ಗೊತ್ತಿರಲಿಲ್ಲ. ಮೂವತ್ತು ವರ್ಷ ತೊಗರಿ ಮಾರಿದವರು. ಗಂಡಾಳಿಗೂ ಹೆಣ್ಣಾಳಿಗೂ ಕೂಲಿಯಲ್ಲಿ ಏಕೆ ವ್ಯತ್ಯಾಸ, ಆ ಹೊಲ ಯಾರದು, ಆಳು ಯಾವ ಕೇರಿಯವಳು ಎಂದು ಕೇಳುವ ಸಮಾಜಶಾಸ್ತ್ರ ಪೇಟೆಯಲ್ಲಿ ಸಿಕ್ಕುವುದಿಲ್ಲ.

ಹೀಗೆ ಹಲವು ಶಾಸ್ತ್ರಗಳನ್ನು ಕೂಡಿಸಿ ನೋಡುವುದು ವಿದೇಶದಿಂದ ನಿನ್ನೆ ಮೊನ್ನೆ ಬಂದ ಫ್ಯಾಷನ್ ಎಂದುಕೊಂಡವರಿಗೆ ನಮ್ಮ ಊರಿನದೇ ಒಂದು ಕತೆ ಹೇಳುತ್ತೇನೆ. ಸಿಕಂದರಾಬಾದಿನಿಂದ ಕರೀಂನಗರದ ದಾರಿಯಲ್ಲಿ ಶಾಮೀರ್‌ಪೇಟೆ ಇದೆಯಲ್ಲ, ಕೆರೆ ನೋಡಲು ಭಾನುವಾರ ಪುಳಿಯೋಗರೆ, ಮೊಸರನ್ನ ಕಟ್ಟಿಕೊಂಡು ಹೋಗುತ್ತೇವಲ್ಲ, ಅದು ಪ್ರಪಂಚದ ಸಮಾಜಶಾಸ್ತ್ರಜ್ಞರಿಗೆಲ್ಲ ಗೊತ್ತಿರುವ ಹಳ್ಳಿ! ಉಸ್ಮಾನಿಯಾ ವಿಶ್ವವಿದ್ಯಾಲಯದಲ್ಲಿ ಪಾಠ ಹೇಳುತ್ತಿದ್ದ ಎಸ್.ಸಿ. ದುಬೆ ಅವರು 1951-52ರಲ್ಲಿ ಅಲ್ಲಿ ಅಧ್ಯಯನ ನಡೆಸಿದರು. ಒಬ್ಬರೇ ಅಲ್ಲ. ಸಮಾಜ ಸೇವಾ ಯೋಜನೆಯೊಂದರ ಅಂಗವಾಗಿ ಕೃಷಿ, ಪಶುವೈದ್ಯ, ವೈದ್ಯಕೀಯ ಮೊದಲಾದ ಬೇರೆ ಬೇರೆ ವಿಭಾಗದವರು ಜೊತೆಗಿದ್ದರು. ಪೊಲೀಸ್ ಕಾರ್ಯಾಚರಣೆ ಮುಗಿದು ಮೂರು ನಾಲ್ಕು ವರ್ಷ ಕಳೆದಿತ್ತಷ್ಟೆ, ನಿಜಾಮರ ಕಾಲದ ಹಳ್ಳಿ ಇನ್ನೂ ಹೊಸ ಕಾಲಕ್ಕೆ ಹೊರಳುತ್ತಿತ್ತು. ಅಲ್ಲಿಯ ಜಾತಿ, ಸಂಸಾರ, ಬೇಸಾಯ, ಹಬ್ಬ, ಅತ್ತೆ-ಸೊಸೆ ಎಲ್ಲವೂ 1955ರಲ್ಲಿ 'ಇಂಡಿಯನ್ ವಿಲೇಜ್' ಎಂಬ ಪುಸ್ತಕವಾಗಿ ಬಂತು. ನಮ್ಮ ಮೈಸೂರಿನ ಎಂ.ಎನ್. ಶ್ರೀನಿವಾಸರ ಕತೆ ಗೊತ್ತೇ ಇದೆ. 1948ರಲ್ಲಿ ಹಳ್ಳಿಯಲ್ಲಿದ್ದು ಕಲೆಹಾಕಿದ್ದರ ಮೇಲೆ ವರ್ಷಗಟ್ಟಲೆ ದುಡಿದು ಸಿದ್ಧಪಡಿಸಿದ ಟಿಪ್ಪಣಿಗಳು 1970ರಲ್ಲಿ ಅಮೆರಿಕದಲ್ಲಿ ಬೆಂಕಿಗೆ ಸಿಕ್ಕವು. ನೆನಪನ್ನೇ ನೆಚ್ಚಿ ಬರೆದ ಪುಸ್ತಕ 1976ರಲ್ಲಿ ಹೊರಬಂತು.

ನಾನು ಓದಿದ್ದು ಇಂಗ್ಲಿಷ್ ಸಾಹಿತ್ಯ. ಅದರ ಬಗ್ಗೆ ನನಗೆ ಅಭಿಮಾನವೇ ಇದೆ. ಆದರೆ ಹಾರ್ಡಿಯ ವೆಸೆಕ್ಸಿನಲ್ಲಿ ರೈತರು ಹೇಗೆ ಬಾಳಿದರೆಂದು ಹತ್ತು ಪುಟ ಬರೆಯುತ್ತಿದ್ದ ನಮ್ಮ ತರಗತಿಗೆ, 1974ರ ಭೂಸುಧಾರಣೆಯಿಂದ ನಮ್ಮದೇ ತಾಲ್ಲೂಕಿನ ಮನೆಗಳಲ್ಲಿ ಯಾರ ಮುಖ ಅರಳಿತು, ಯಾರ ಮುಖ ಸಪ್ಪಗಾಯಿತು ಎಂದು ಯಾರೂ ಕೇಳಲಿಲ್ಲ. ಈ ಹುಡುಗಿಗೆ ಯಾರಾದರೂ ಕೇಳುತ್ತಾರಲ್ಲ ಎಂದು ನನಗೆ ಸಣ್ಣ ಹೊಟ್ಟೆಕಿಚ್ಚು.

ಹಾಗೆಂದು ಎಲ್ಲವೂ ಹೂವಿನ ಹಾಸಿಗೆ ಎಂದು ಹೇಳಲಾರೆ. ಗಣಿತ ತಪ್ಪಿಸಿಕೊಳ್ಳಲು ಇಲ್ಲಿಗೆ ಬರುವವರು ಮೋಸಹೋಗುತ್ತಾರೆ. ಅರ್ಥಶಾಸ್ತ್ರಕ್ಕೆ ಗಣಿತವೂ ಸಂಖ್ಯಾಶಾಸ್ತ್ರವೂ ಬೇಕೇ ಬೇಕು. ಗೈಡ್ ಓದಿ ಪಾಸಾಗುವ ಓದೂ ಇದಲ್ಲ, ಪುಟಗಟ್ಟಲೆ ಇಂಗ್ಲಿಷ್ ಓದಿ ತನ್ನ ಮಾತಿನಲ್ಲಿ ಬರೆಯಬೇಕು. ಕೆಲಸದ ವಿಷಯದಲ್ಲಿ ತಂದೆಯ ಚಿಂತೆಯನ್ನು ನಾನು ತಳ್ಳಿಹಾಕಲಿಲ್ಲ. ಪಕ್ಕದ ಮನೆಯ ಹುಡುಗ ನಾಲ್ಕು ವರ್ಷಕ್ಕೇ ಸಂಬಳ ತರುವಾಗ ಇವಳು ಇನ್ನೂ ಹಾಸ್ಟೆಲಿನಲ್ಲಿರುತ್ತಾಳೆ. ಪಾಠ ಹೇಳಬೇಕೆಂದರೆ ಎಂ.ಎ. ಸಾಲದು, ನೆಟ್ ಪರೀಕ್ಷೆ, ಪಿಎಚ್.ಡಿ. ಎಂದು ಮತ್ತಷ್ಟು ವರ್ಷ. ಸಿವಿಲ್ ಸರ್ವಿಸ್ ಪರೀಕ್ಷೆಗೆ ಈ ವಿಷಯಗಳು ಒದಗುತ್ತವೆ, ಆದರೆ ಬರೆದವರೆಲ್ಲ ಕಲೆಕ್ಟರ್ ಆಗುವುದಿಲ್ಲ. ಸಂಶೋಧನಾ ಸಂಸ್ಥೆ, ಪತ್ರಿಕೆ, ಸ್ವಯಂಸೇವಾ ಸಂಸ್ಥೆಗಳಲ್ಲಿ ಕೆಲಸವಿದೆ, ಸಂಬಳ ಮಾತ್ರ ಹೈಟೆಕ್ ಸಿಟಿಯದಲ್ಲ. ಒಂದು ಸಮಾಧಾನವೆಂದರೆ, ಕೇಂದ್ರೀಯ ವಿಶ್ವವಿದ್ಯಾಲಯದ ಶುಲ್ಕ ಖಾಸಗಿ ಇಂಜಿನಿಯರಿಂಗ್ ಕಾಲೇಜಿನ ಮುಂದೆ ಏನೇನೂ ಅಲ್ಲ.

ಕೊನೆಗೆ ಎರಡೂ ಅರ್ಜಿ ಹಾಕುವುದೆಂದು ತೀರ್ಮಾನವಾಯಿತು, ಎಂಸೆಟ್ ಎಂದೇ ನಾವೆಲ್ಲ ಈಗಲೂ ಕರೆಯುವ ಇ.ಎ.ಪಿ.ಸೆಟ್ ಒಂದು, ಸಿ.ಯು.ಇ.ಟಿ. ಇನ್ನೊಂದು. ಯಾವುದಕ್ಕೆ ಕಳಿಸುತ್ತಾರೋ, ಅದು ಅವರ ಮನೆಯ ಮಾತು.

ನಿಮ್ಮ ಮನೆಯಲ್ಲಿಯೂ ಇಂಥ ಆಸೆಯ ಮಕ್ಕಳಿದ್ದರೆ, 2022ರಿಂದ ಇಲ್ಲಿಗೆ ಪ್ರವೇಶ ಆ ಸಿ.ಯು.ಇ.ಟಿ. ಮೂಲಕವೇ ಎಂಬುದು ನೆನಪಿರಲಿ. ಯಾವ ವಿಷಯದ ಪತ್ರಿಕೆಗಳನ್ನು ಬರೆಯಬೇಕು, ಎಷ್ಟು ಅಂಕವಿರಬೇಕು ಎಂಬುದನ್ನು ಆಯಾ ವರ್ಷದ ಪ್ರಕಟಣೆಯಲ್ಲಿಯೇ ನೋಡಿಕೊಳ್ಳಿ. ಅವರಿವರ ಮಾತು ನಂಬಬೇಡಿ, ನನ್ನದನ್ನೂ ಸೇರಿಸಿ. ಆ ಪರೀಕ್ಷೆಯನ್ನು ಹದಿಮೂರು ಭಾಷೆಗಳಲ್ಲಿ ಬರೆಯಬಹುದು, ಅವುಗಳಲ್ಲಿ ಕನ್ನಡವೂ ಒಂದು. ಕಾಚಿಗುಡದ ನೃಪತುಂಗದಲ್ಲಿ ಕಲಿತ ಮಕ್ಕಳಿಗೆ ಇದನ್ನು ಮುಖ್ಯವಾಗಿ ತಿಳಿಸಿ. ಒಳಗೆ ಹೋದ ಮೇಲೆ ಪಾಠವೆಲ್ಲ ಇಂಗ್ಲಿಷಿನಲ್ಲಿ. ಅದಕ್ಕೆ ಈ ರಜೆಯಿಂದಲೇ ದಿನಕ್ಕೊಂದು ಇಂಗ್ಲಿಷ್ ಪತ್ರಿಕೆಯ ಸಂಪಾದಕೀಯ ಓದಿಸಿ. ಅರ್ಥವಾಗದ್ದನ್ನು ಕೇಳಲು ಯಾರೂ ಇಲ್ಲದಿದ್ದರೆ, ಮಧ್ಯಾಹ್ನ ಮೂರರ ಮೇಲೆ ನಾನು ಮನೆಯಲ್ಲಿಯೇ ಇರುತ್ತೇನೆ.