ಪರೀಕ್ಷೆಗೆ ಕೂರಿಸದೆ ನಪಾಸು



ಕ್ರಿಕೆಟ್ಟಿನ ಮಾತು ಬಂದಾಗಲೆಲ್ಲ ಮೇಷ್ಟ್ರು ಕರುಣ್ ನಾಯರ್ ಹೆಸರೆತ್ತದೆ ಬಿಡುವುದಿಲ್ಲವೆಂದು ನಿಮ್ಮಲ್ಲಿ ಹಲವರು ನಗುತ್ತೀರೆಂಬುದನ್ನು ಬಲ್ಲೆ. ನಗಿರಿ, ಅಡ್ಡಿಯಿಲ್ಲ. ಆದರೆ ಅದು ಬರಿಯ ಅಭಿಮಾನದ ಗೊಣಗಾಟವಲ್ಲ, ಅದರ ಹಿಂದೊಂದು ನ್ಯಾಯದ ಪ್ರಶ್ನೆಯಿದೆ ಎಂದು ಹೇಳುವುದಕ್ಕಾಗಿಯೇ ಇದನ್ನು ಬರೆಯುತ್ತಿದ್ದೇನೆ.

ಮೊದಲು ಸಂಗತಿಗಳನ್ನು ಕ್ರಮವಾಗಿ ನೋಡೋಣ. 2015ರ ಮಾರ್ಚಿಯಲ್ಲಿ ಮುಂಬಯಿಯಲ್ಲಿ ನಡೆದ ರಣಜಿ ಅಂತಿಮ ಪಂದ್ಯದಲ್ಲಿ ತಮಿಳುನಾಡಿನ ವಿರುದ್ಧ ಈ ಹುಡುಗ 328 ರನ್ ಗಳಿಸಿದ. ಕರ್ನಾಟಕ ಇನ್ನಿಂಗ್ಸ್ ಅಂತರದಿಂದ ಗೆದ್ದು ಸತತ ಎರಡನೆಯ ಬಾರಿ ಟ್ರೋಫಿ ತಂದಿತು. ಮರುವರ್ಷ ಡಿಸೆಂಬರಿನಲ್ಲಿ, ಚೆನ್ನೈ ಟೆಸ್ಟ್‌ನಲ್ಲಿ, ಇಂಗ್ಲೆಂಡಿನ ವಿರುದ್ಧ ಔಟಾಗದೆ 303. ಭಾರತದ ಪರ ಸೆಹ್ವಾಗರನ್ನು ಬಿಟ್ಟರೆ ತ್ರಿಶತಕ ಬಾರಿಸಿದವನು ಇವನೊಬ್ಬನೇ. ಮೊದಲ ಶತಕವನ್ನೇ ತ್ರಿಶತಕವಾಗಿಸಿದವರಲ್ಲಿ ಅದುವರೆಗೆ ಸೋಬರ್ಸ್ ಮತ್ತು ಬಾಬ್ ಸಿಂಪ್ಸನ್ ಇಬ್ಬರೇ ಇದ್ದರು. ಅಂದು ಅವನಿಗೆ ಇಪ್ಪತ್ತೈದು ವಯಸ್ಸು, ಅದು ಅವನ ಮೂರನೆಯ ಟೆಸ್ಟ್.

ಅದರ ಮುಂದಿನ ಟೆಸ್ಟ್‌ನಲ್ಲಿ ಅವನು ಆಡಲಿಲ್ಲ. 2017ರ ಫೆಬ್ರವರಿಯಲ್ಲಿ ಹೈದರಾಬಾದಿನಲ್ಲಿ ಬಾಂಗ್ಲಾದೇಶದ ವಿರುದ್ಧ ಆಡುವಾಗ, ಗಾಯದಿಂದ ಚೇತರಿಸಿಕೊಂಡ ರಹಾನೆ ಮರಳಿ ಬಂದರು, ಕರುಣ್ ಹೊರಗುಳಿದ. ಆಗ ತರಬೇತುದಾರರಾಗಿದ್ದವರು ನಮ್ಮವರೇ ಆದ ಅನಿಲ್ ಕುಂಬ್ಳೆ. ಒಂದು ಪಂದ್ಯದ ಆಟವು ಮತ್ತೊಬ್ಬನ ಎರಡು ವರ್ಷದ ದುಡಿಮೆಯನ್ನು ಮರೆಸಲಾಗದು ಎಂಬರ್ಥದ ಮಾತನ್ನು ನಾಯಕ ಕೊಹ್ಲಿ ಆಡಿದರು. ಆ ಮಾತಿನಲ್ಲಿ ನ್ಯಾಯವಿದೆ. ನಾನು ಅದನ್ನು ಅಲ್ಲಗಳೆಯುವುದಿಲ್ಲ. ಬಳಿಕ ಆಸ್ಟ್ರೇಲಿಯದ ವಿರುದ್ಧ ಮೂರು ಟೆಸ್ಟ್‌ಗಳಲ್ಲಿ ಅವಕಾಶ ಸಿಕ್ಕಿತು. ನಾಲ್ಕು ಇನ್ನಿಂಗ್ಸ್‌ಗಳಲ್ಲಿ 54 ರನ್. ಇದು ಕಡಿಮೆಯೇ. ಕೈಬಿಟ್ಟರೆಂದರೆ ಅದನ್ನೂ ಒಪ್ಪೋಣ.

ನನ್ನ ಜಗಳವಿರುವುದು 2018ರ ಬಗ್ಗೆ.

ಆ ಜೂನ್ ತಿಂಗಳಲ್ಲಿ ಬೆಂಗಳೂರಿನಲ್ಲೇ ಅಫ್ಘಾನಿಸ್ತಾನದ ವಿರುದ್ಧ ಟೆಸ್ಟ್ ನಡೆಯಿತು. ಕೊಹ್ಲಿ ಇಲ್ಲದ ತಂಡಕ್ಕೆ ಕರುಣನನ್ನು ಸೇರಿಸಿಕೊಂಡರು, ಆಡಿಸಲಿಲ್ಲ. ನಂತರ ಇಂಗ್ಲೆಂಡ್ ಪ್ರವಾಸ, ಐದು ಟೆಸ್ಟ್‌ಗಳು. ಮೊದಲಿನಿಂದ ಕೊನೆಯವರೆಗೂ ಅವನು ತಂಡದ ಜೊತೆಯಲ್ಲೇ ಇದ್ದ. ಬ್ಯಾಟಿಂಗ್ ಮೇಲಿಂದ ಮೇಲೆ ಕುಸಿದರೂ ಅವನ ಸರದಿ ಬರಲಿಲ್ಲ. ಕೊನೆಯ ಎರಡು ಟೆಸ್ಟ್‌ಗಳಿಗೆಂದು ಹನುಮ ವಿಹಾರಿಯನ್ನು ಕರೆಸಿಕೊಂಡರು. ಓವಲ್ ಟೆಸ್ಟ್‌ನಲ್ಲಿ ಒಬ್ಬ ಬ್ಯಾಟ್ಸ್‌ಮನ್ ಹೆಚ್ಚಿಗೆ ಬೇಕಾದಾಗ, ಮೊದಲಿನಿಂದಲೂ ಕಾದಿದ್ದವನನ್ನು ಬಿಟ್ಟು ಆಗಷ್ಟೇ ಬಂದವನನ್ನು ಕಣಕ್ಕಿಳಿಸಿದರು. ಮುಂದಿನ ತಿಂಗಳ ವೆಸ್ಟ್ ಇಂಡೀಸ್ ಸರಣಿಗೆ ತಂಡವನ್ನು ಪ್ರಕಟಿಸಿದಾಗ ಕರುಣನ ಹೆಸರೇ ಇರಲಿಲ್ಲ. ಆಡದ ಸರಣಿಯ ನಂತರ ಅವನನ್ನು ತಂಡದಿಂದ ತೆಗೆದಿದ್ದರು!

ವರ್ಷವೆಲ್ಲ ತರಗತಿಗೆ ಹಾಜರಾದ ವಿದ್ಯಾರ್ಥಿಗೆ ಪ್ರಶ್ನೆಪತ್ರಿಕೆಯನ್ನೇ ಕೊಡದೆ, ಫಲಿತಾಂಶದ ಹಲಗೆಯ ಮೇಲೆ ಅನುತ್ತೀರ್ಣ ಎಂದು ಬರೆದರೆ ನೀವು ಒಪ್ಪುತ್ತಿದ್ದಿರೇನು? ನಿಮ್ಮ ತಂದೆಯವರು ಮರುದಿನವೇ ಮುಖ್ಯೋಪಾಧ್ಯಾಯರ ಕೊಠಡಿಯ ಮುಂದೆ ನಿಂತಿರುತ್ತಿದ್ದರು.

ಇನ್ನು ಕಾರಣ ತಿಳಿಸುವ ವಿಚಾರ. ತನ್ನೊಡನೆ ಯಾರೂ ಮಾತನಾಡಲಿಲ್ಲವೆಂದು ಕರುಣ್ ಹೇಳಿದ. ತಾವು ಮಾತನಾಡಿರುವುದಾಗಿ ಆಯ್ಕೆ ಸಮಿತಿಯ ಮುಖ್ಯಸ್ಥ ಎಂ.ಎಸ್.ಕೆ. ಪ್ರಸಾದ್ ಹೇಳಿದರು. ಇಬ್ಬರಲ್ಲಿ ಯಾರನ್ನೂ ಸುಳ್ಳುಗಾರರೆಂದು ಕರೆಯುವ ಅಗತ್ಯ ನನಗಿಲ್ಲ. ತರಗತಿಯ ಅನುಭವದಿಂದ ಒಂದು ಮಾತು ಹೇಳುತ್ತೇನೆ: ಮೇಷ್ಟ್ರು ಹೇಳಿದ್ದು ವಿದ್ಯಾರ್ಥಿಗೆ ತಲುಪದಿದ್ದರೆ, ಹೇಳಿದ ಹಾಗಾಗುವುದಿಲ್ಲ. ಅದನ್ನು ತಲುಪಿಸುವ ಹೊಣೆ ಮೇಷ್ಟ್ರದೇ.

ಇದಕ್ಕೆ ಮೂರು ಉತ್ತರಗಳನ್ನು ಕೇಳಿದ್ದೇನೆ. ವಿಹಾರಿ ಅದೇ ಪಂದ್ಯದಲ್ಲಿ 56 ರನ್ ಹೊಡೆದನಲ್ಲ, ಆಯ್ಕೆ ಸರಿಯಾಯಿತಲ್ಲ ಎಂಬುದು ಒಂದು. ಆ ಹುಡುಗ ಚೆನ್ನಾಗಿಯೇ ಆಡಿದ. ಅವನ ಮೇಲೆ ನನ್ನ ದೂರಿಲ್ಲ. ಆದರೆ ಫಲ ಒಳ್ಳೆಯದಾದ ಮಾತ್ರಕ್ಕೆ ಕ್ರಮವು ನ್ಯಾಯವಾಗದು. ನೆಟ್ ಅಭ್ಯಾಸದಲ್ಲಿ ತರಬೇತುದಾರರು ಕಂಡದ್ದು ನಮಗೇನು ಗೊತ್ತು ಎಂಬುದು ಇನ್ನೊಂದು. ನೆಟ್ಟಿನಲ್ಲಿ ಅವನು ಸಾಲದವನೆಂದು ಕಂಡಿದ್ದರೆ ಕಡೆಯ ಎರಡು ಟೆಸ್ಟ್‌ಗಳಿಗೂ ತಂಡದಲ್ಲಿ ಏಕೆ ಉಳಿಸಿಕೊಂಡರು? ತಂಡ ವ್ಯಕ್ತಿಗಿಂತ ದೊಡ್ಡದು ಎಂಬುದು ಮೂರನೆಯದು. ಹೌದು, ದೊಡ್ಡದೇ. ಆದರೆ ಬೆಂಚಿನ ಮೇಲೆ ಕುಳಿತವನೂ ಆ ತಂಡದವನೇ ತಾನೆ?

ತಾಳ್ಮೆಗೆ ಎಂಥ ಫಲವಿದೆಯೆಂಬುದಕ್ಕೆ ಸಾಕ್ಷಿ ಹುಡುಕಲು ದೂರ ಹೋಗಬೇಕಿಲ್ಲ. ಅದೇ ಸರಣಿಯ ಮೊದಲ ನಾಲ್ಕು ಟೆಸ್ಟ್‌ಗಳಲ್ಲಿ ನಮ್ಮ ಕೆ.ಎಲ್. ರಾಹುಲನಿಗೆ ಒಂದು ಅರ್ಧಶತಕವೂ ಬರಲಿಲ್ಲ. ಆದರೂ ಅವನನ್ನು ಉಳಿಸಿಕೊಂಡರು. ಅದೇ ಓವಲ್ಲಿನ ಎರಡನೆಯ ಇನ್ನಿಂಗ್ಸ್‌ನಲ್ಲಿ ಅವನು 149 ರನ್ ಗಳಿಸಿದ. ಏಳು ವರ್ಷಗಳ ನಂತರ, 2025ರ ಇಂಗ್ಲೆಂಡ್ ಸರಣಿಯಲ್ಲಿ 532 ರನ್ ಕೂಡಿಹಾಕಿದ. ರಾಹುಲನಿಗೆ ತೋರಿದ ತಾಳ್ಮೆ ತಪ್ಪೆಂದು ನಾನು ಹೇಳುವುದಿಲ್ಲ, ಅದೇ ಸರಿಯಾದ ದಾರಿ. ಅದರ ಕಾಲು ಭಾಗವನ್ನಾದರೂ ಒಂದೇ ರಣಜಿ ತಂಡದಿಂದ ಬಂದ ಇನ್ನೊಬ್ಬನಿಗೆ ಏಕೆ ಕೊಡಲಿಲ್ಲವೆಂಬುದಷ್ಟೇ ಪ್ರಶ್ನೆ.

ದೆಹಲಿಯವರನ್ನೂ ಮುಂಬಯಿಯವರನ್ನೂ ಬೈದು ಕೈತೊಳೆದುಕೊಳ್ಳುವಂತೆಯೂ ಇಲ್ಲ. 2022–23ರ ರಣಜಿ ಋತುವಿಗೆ ಕರ್ನಾಟಕವೇ ಅವನನ್ನು ತಂಡದಿಂದ ಹೊರಗಿಟ್ಟಿತು. ಆ ಡಿಸೆಂಬರಿನಲ್ಲಿ ಅವನು, ಇನ್ನೊಂದು ಅವಕಾಶ ಕೊಡೆಂದು ಕ್ರಿಕೆಟ್ಟನ್ನೇ ಬೇಡಿಕೊಂಡು ಬಹಿರಂಗವಾಗಿ ಒಂದು ಸಾಲು ಬರೆದ. ತ್ರಿಶತಕ ಬಾರಿಸಿದವನು ಹಾಗೆ ಬೇಡಬೇಕಾಯಿತಲ್ಲ ಎಂದು ಅಂದು ನನ್ನ ಮನಸ್ಸು ಬಹಳ ನೊಂದಿತು. ಮರುವರ್ಷ ಅವನು ವಿದರ್ಭಕ್ಕೆ ಹೋದ. 2024–25ರ ವಿಜಯ್ ಹಜಾರೆ ಟ್ರೋಫಿಯಲ್ಲಿ ಎಂಟು ಇನ್ನಿಂಗ್ಸ್, ಐದು ಶತಕ, 779 ರನ್. ಅಂತಿಮ ಪಂದ್ಯದಲ್ಲಿ ವಿದರ್ಭವನ್ನು ಸೋಲಿಸಿದ್ದು ಕರ್ನಾಟಕವೇ. ನಮ್ಮ ಹುಡುಗರು ಗೆದ್ದರೆಂದು ಹಿಗ್ಗಿದೆ. ಎದುರು ತಂಡದ ನಾಯಕನಾಗಿ ನಿಂತಿದ್ದವನೂ ನಮ್ಮವನೇ ಆಗಿದ್ದನಲ್ಲ ಎಂದು ಕುಗ್ಗಿದೆ. ಅದೇ ಋತುವಿನ ರಣಜಿಯಲ್ಲಿ 863 ರನ್ ಗಳಿಸಿ, ಅಂತಿಮ ಪಂದ್ಯದಲ್ಲಿ 86 ಮತ್ತು 135 ಹೊಡೆದು ವಿದರ್ಭಕ್ಕೆ ಟ್ರೋಫಿ ತಂದುಕೊಟ್ಟ. 2025ರಲ್ಲಿ ಅವನು ಕರ್ನಾಟಕಕ್ಕೆ ಮರಳಿದ್ದು ಸಂತೋಷ. ಆದರೆ ನಡುವಿನ ವರ್ಷಗಳನ್ನು ಹಿಂದಿರುಗಿಸುವವರು ಯಾರು?

2025ರ ಇಂಗ್ಲೆಂಡ್ ಪ್ರವಾಸದಲ್ಲಿ, ಎಂಟು ವರ್ಷ ಕಳೆದ ಮೇಲೆ, ಅವನಿಗೆ ನಾಲ್ಕು ಟೆಸ್ಟ್‌ಗಳು ದೊರೆತವು. 205 ರನ್, ಒಂದೇ ಅರ್ಧಶತಕ. ಇನ್ನೂ ಹೆಚ್ಚು ನಿರೀಕ್ಷಿಸಿದ್ದೆವೆಂದು ಆಯ್ಕೆ ಸಮಿತಿಯ ಮುಖ್ಯಸ್ಥ ಅಗರ್ಕರ್ ಎಲ್ಲರೆದುರು ಹೇಳಿ, ಮುಂದಿನ ಸರಣಿಯಿಂದ ಕೈಬಿಟ್ಟರು. ಈ ನಿರ್ಧಾರದ ಬಗ್ಗೆ ನನಗೆ ಬೇಸರವಿದೆಯೇ ಹೊರತು ದೂರಿಲ್ಲ. ಪರೀಕ್ಷೆ ನಡೆಯಿತು, ಅಂಕ ಬಂದಿತು, ಕಾರಣವನ್ನು ಮುಚ್ಚಿಡಲಿಲ್ಲ. ಹೀಗೆ ಸೋತವನು ತಲೆಯೆತ್ತಿ ಮನೆಗೆ ಹೋಗಬಲ್ಲ. ಆದರೆ ಮೂವತ್ಮೂರರಲ್ಲಿ ಬರೆಸಿದ ಪರೀಕ್ಷೆಯನ್ನು ಇಪ್ಪತ್ತಾರರಲ್ಲಿ ಬರೆಸಿದ್ದರೆ ಅಂಕ ಎಷ್ಟಾಗುತ್ತಿತ್ತೋ ಎಂಬುದು ಇನ್ನು ಯಾರಿಗೂ ತಿಳಿಯದು. ತರಬೇತುದಾರರ ಇಂಥ ನಿರ್ಧಾರಗಳಿಂದಾಗುವ ನಷ್ಟ ಇದೇ.

ನಮ್ಮ ನಲ್ಲೂರಿನ ಹುಣಸೆ ತೋಪನ್ನು ನೀವೆಲ್ಲ ಬಲ್ಲಿರಿ. 2007ರಲ್ಲಿ ಸರ್ಕಾರ ಅದನ್ನು ಜೀವವೈವಿಧ್ಯ ಪಾರಂಪರಿಕ ತಾಣವೆಂದು ಘೋಷಿಸಿತು. ಹುಣಸೆ ನೆಟ್ಟವನು ಮರುವರ್ಷವೇ ಕಾಯಿ ಎಣಿಸಲು ಹೋಗುವುದಿಲ್ಲ. ಹಾಗೆಂದು ನೀರೆರೆಯದೆ ಮೂಲೆಯಲ್ಲಿಟ್ಟು, ಕಾಯಿ ಬಿಡಲಿಲ್ಲವೆಂದು ಕಡಿಯುವುದೂ ಇಲ್ಲ.

ನನ್ನ ಶಿಷ್ಯರಲ್ಲಿ ಕೆಲವರು ಇಂದು ದೈಹಿಕ ಶಿಕ್ಷಕರಾಗಿದ್ದೀರಿ, ಕೆಲವರು ಕಚೇರಿಗಳಲ್ಲಿ ಹತ್ತಾರು ಜನರ ಮೇಲಧಿಕಾರಿಗಳಾಗಿದ್ದೀರಿ. ತಾಲ್ಲೂಕು ಕ್ರೀಡಾಕೂಟಕ್ಕೆ ಕಬಡ್ಡಿ ತಂಡ ಕಟ್ಟುವಾಗ ಹನ್ನೆರಡನೆಯವನಾಗಿ ಕರೆದೊಯ್ದ ಹುಡುಗನನ್ನು ಒಂದು ಪಂದ್ಯದಲ್ಲಾದರೂ ಅಂಕಣಕ್ಕಿಳಿಸಿ. ಇಳಿಸಲಾಗದಿದ್ದರೆ ಏಕೆಂದು ಅವನ ಮುಖ ನೋಡಿ ಹೇಳಿ. ಸೋಲಿಸುವ ಹಕ್ಕು ಎದುರಾಳಿಗಿದೆ. ಆಡಿಸದೆ ಸೋಲಿಸುವ ಹಕ್ಕು ಮೇಷ್ಟ್ರಿಗೂ ಇಲ್ಲ, ತರಬೇತುದಾರನಿಗೂ ಇಲ್ಲ.

ಒಪ್ಪದವರು ಧಾರಾಳವಾಗಿ ಬರೆಯಿರಿ. ಆದರೆ ಅಂಕಿ-ಅಂಶಗಳೊಡನೆ ಬನ್ನಿ!